ಹಿನ್ನೀರಿನ ಸಮಾಧಿಗಳಿಗೆ ಒಂದು ಫಲಕವಾದರೂ ಬೇಡವೇ?

ಸಂಪಾದಕರಿಗೆ ನಮಸ್ಕಾರ.

ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದು ಮಡೇನೂರಿನ ಹಳೆ ಡ್ಯಾಂ ಮೇಲೇಳುವ ಚಿತ್ರಗಳು ನಿಮ್ಮ ಪತ್ರಿಕೆಯಲ್ಲಿ ಬಂದಾಗೆಲ್ಲ ಆಸೆಯಿಂದ ನೋಡುತ್ತೇನೆ. ಈ ಸಲ ಅದರ ಜೊತೆಗೆ, ಹೇಗೆ ಹೋಗಬೇಕು, ಎಷ್ಟು ಹೊತ್ತಿಗೆ ಹೋದರೆ ಚೆಂದ ಎಂಬ ವಿವರವೂ ಇತ್ತು. ಜನ ಹೋಗಲಿ, ನೋಡಲಿ, ನನ್ನ ತಕರಾರಿಲ್ಲ. ಆದರೆ ನೀರಿನಿಂದ ಹೊರಬರುವುದು ಡ್ಯಾಂ ಒಂದೇ ಅಲ್ಲ. ಹಿನ್ನೀರಿನ ಬಯಲಿನಲ್ಲಿ ಅಲ್ಲಲ್ಲಿ ನಮ್ಮ ಹಿರಿಯರ ಸಮಾಧಿಗಳೂ ಹೊರಬರುತ್ತವೆ. ಅವುಗಳ ಮೇಲೆ ಈಗ ಜೀಪು ಓಡಾಡುತ್ತಿದೆ.

ನನ್ನ ತವರು ಮುಳುಗಡೆ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮನೆ, ಗದ್ದೆ, ತೋಟ ಬಿಟ್ಟು ಲಾರಿ ಹತ್ತಿದ ಕುಟುಂಬಗಳಲ್ಲಿ ನಮ್ಮದೂ ಒಂದು. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಡುತ್ತಿದ್ದ ಹಿರೇಭಾಸ್ಕರ ಡ್ಯಾಮೇ, ಅಂದರೆ ಈ ಮಡೇನೂರು ಡ್ಯಾಮೇ, ಆಗ ಮುಳುಗಿತು. ಇನ್ನು ನಮ್ಮ ಹಿತ್ತಿಲ ಸಮಾಧಿಗಳ ಲೆಕ್ಕ ಯಾರಿಗೆ ಬೇಕಿತ್ತು? ನಾವು ಲಿಂಗಾಯತರು, ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಅಂಗೈಗೆ ಇಷ್ಟಲಿಂಗ ಕೊಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮಾಡುತ್ತೇವೆ. ಅಜ್ಜನ ಸಮಾಧಿಗೆ ಜಂಬಿಟ್ಟಿಗೆ ಕಲ್ಲಿನ ಕಟ್ಟೆ ಕಟ್ಟಿ, ಮೇಲೊಂದು ಪುಟ್ಟ ನಂದಿಯನ್ನು ಕೂರಿಸಿದ್ದರಂತೆ. ಮಳೆ ಕಡಿಮೆಯಾಗಿ ನೀರು ಪೂರ್ತಿ ಇಳಿದ ವರ್ಷ ಅಪ್ಪಯ್ಯ ದೋಣಿಯಲ್ಲಿ ಹೋಗಿ, ಕಟ್ಟೆಯ ಮೇಲಿನ ಹೂಳು ಬಳಿದು, ವಿಭೂತಿ ಹಚ್ಚಿ, ಹೂ ಏರಿಸಿ ಬರುತ್ತಿದ್ದರು. ಅವರ ನಂತರ ಅಣ್ಣ ಆ ಕೆಲಸ ನಡೆಸಿಕೊಂಡು ಬಂದಿದ್ದಾರೆ.

ಈ ಬೇಸಿಗೆಯಲ್ಲಿ ಅಣ್ಣನ ಜೊತೆ ನಾನೂ ಹೋಗಿದ್ದೆ. ಒಣಗಿದ ಕೆಸರಿನಲ್ಲಿ ಟೈರಿನ ಗುರುತು ನೇರವಾಗಿ ಕಟ್ಟೆ ಹತ್ತಿ ಇಳಿದಿತ್ತು. ಮೂಲೆಯ ಕಲ್ಲುಗಳು ಸಡಿಲಾಗಿ ಅತ್ತ ಇತ್ತ ಬಿದ್ದಿದ್ದವು. ಸ್ವಲ್ಪ ದೂರದ ಇನ್ನೊಂದು ಕಟ್ಟೆಯ ಮೇಲೆ ಉಂಡು ಬಿಟ್ಟ ಪ್ಲೇಟುಗಳು, ಬಾಟಲಿಗಳು. ಅದರ ಮೇಲೆಯೇ ನಿಂತು ಒಬ್ಬ ಹುಡುಗ ಮೊಬೈಲಿನಲ್ಲಿ ರೀಲ್ಸ್ ಮಾಡುತ್ತಿದ್ದ. ‘ಅದು ಸಮಾಧಿ ಕಣಪ್ಪ’ ಎಂದೆ. ಮುಖ ಸಣ್ಣದು ಮಾಡಿಕೊಂಡು ತಕ್ಷಣ ಇಳಿದ. ‘ಸಾರಿ ಆಂಟಿ, ಹಳೇ ಮನೆ ಜಗಲಿ ಅಂದ್ಕೊಂಡೆ’ ಎಂದ. ಸ್ನೇಹಿತರನ್ನು ಕರೆದು ಪ್ಲೇಟು, ಬಾಟಲಿಗಳನ್ನೂ ತೆಗೆಸಿದ. ಆ ಹುಡುಗನನ್ನು ನಾನು ಬೈಯುವುದಿಲ್ಲ. ಅಲ್ಲಿ ಏನಿದೆ ಎಂದು ಅವನಿಗೆ ಹೇಳುವವರು ಯಾರೂ ಇರಲಿಲ್ಲ.

ಹೇಳುವವರಿದ್ದರೆ ಹೇಗಿರುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ಮಗಳು ಕೆಲಸದ ಮೇಲೆ ಪ್ಯಾರಿಸ್ಸಿನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಕ್ಯಾಟಕೂಂಬ್ಸ್‌ಗೆ, ಅಂದರೆ ನೆಲದಡಿಯ ಅಸ್ಥಿಗಳ ಜಾಗಕ್ಕೆ, ಕರೆದುಕೊಂಡು ಹೋದಳು. ಸತ್ತವರ ಮೂಳೆ ನೋಡಲು ಟಿಕೆಟ್ ತೆಗೆದುಕೊಂಡು ಹೋಗುವುದೇ ಎಂದು ನನಗೆ ಮನಸ್ಸಿರಲಿಲ್ಲ. 131 ಮೆಟ್ಟಿಲು ಸುತ್ತಿ ಸುತ್ತಿ ಇಳಿಯಬೇಕು, ಇಪ್ಪತ್ತು ಮೀಟರ್ ಆಳ. ವರ್ಷವಿಡೀ ಹೆಚ್ಚುಕಡಿಮೆ 14 ಡಿಗ್ರಿ. ಪ್ಯಾರಿಸ್ ಕಟ್ಟಲು ಸುಣ್ಣಕಲ್ಲು ತೆಗೆದು ಟೊಳ್ಳಾದ ಹಳೆ ಗಣಿ ಅದು. ಮೇಲೆ ಊರ ನಡುವಿನ ‘ಸೇಂಟ್ಸ್ ಇನೊಸೆಂಟ್ಸ್’ ಸ್ಮಶಾನ ಶತಮಾನಗಳಿಂದ ತುಂಬಿ ತುಳುಕಿ, 1780ರಲ್ಲಿ ಪಕ್ಕದ ನೆಲಮಾಳಿಗೆಯ ಗೋಡೆಯೇ ಅದರ ಭಾರಕ್ಕೆ ಒಡೆಯಿತಂತೆ. ಆಮೇಲೆ ಸ್ಮಶಾನ ಮುಚ್ಚಿದರು. ಗಣಿಯ ಸುರಂಗವನ್ನು ಭದ್ರಪಡಿಸಿ, 1786ರ ಏಪ್ರಿಲ್‌ನಲ್ಲಿ ಪಾದ್ರಿಗಳಿಂದ ಪವಿತ್ರಗೊಳಿಸಿದರು. ಕಪ್ಪು ಬಟ್ಟೆ ಹೊದಿಸಿದ ಗಾಡಿಗಳಲ್ಲಿ ರಾತ್ರಿ ಹೊತ್ತು ಮೂಳೆ ಸಾಗಿಸಿದರು, ಜೊತೆಗೆ ಪಾದ್ರಿಗಳು ಮಂತ್ರ ಹೇಳುತ್ತಾ ನಡೆದರು. ಹೀಗೆ ಬೇರೆ ಬೇರೆ ಸ್ಮಶಾನಗಳಿಂದ ಬಂದವರು ಸುಮಾರು 60 ಲಕ್ಷ ಜನ ಎನ್ನುತ್ತಾರೆ.

ಬಾಗಿಲಲ್ಲಿ ‘ನಿಲ್ಲು, ಇದು ಸಾವಿನ ಸಾಮ್ರಾಜ್ಯ’ ಎಂದು ಫ್ರೆಂಚಿನಲ್ಲಿ ಬರೆದಿದೆ. ಒಳಗೆ ತೊಡೆಮೂಳೆಗಳ ಗೆಣ್ಣು ಹೊರಗೆ ಕಾಣುವಂತೆ ಒತ್ತೊತ್ತಾಗಿ ಪೇರಿಸಿ, ನಡುನಡುವೆ ತಲೆಬುರುಡೆಗಳ ಸಾಲು ಕೂರಿಸಿದ್ದಾರೆ. ಬುರುಡೆಗಳು ಬಿಳಿ ಅಲ್ಲ, ಕಂದು ಬಣ್ಣ. ಹೊಗೆ ಅಟ್ಟದಲ್ಲಿಟ್ಟ ತೆಂಗಿನ ಚಿಪ್ಪಿನ ಹಾಗೆ. ಗೋಡೆಯ ಹಿಂದೆ ಇಣುಕಿದರೆ ಸಣ್ಣ ಮೂಳೆಗಳು ಸುಮ್ಮನೆ ರಾಶಿ ಬಿದ್ದಿವೆ. ಕೆಲವು ಕಡೆ ಬುರುಡೆಗಳಲ್ಲಿ ಶಿಲುಬೆಯ, ಹೃದಯದ ಆಕಾರ ಮಾಡಿದ್ದಾರೆ. ಅದು ನನಗೆ ಹಿಡಿಸಲಿಲ್ಲ. ತೀರಿಹೋದವರ ಮೂಳೆಯಿಂದ ಅಲಂಕಾರ ಮಾಡುವ ಹಕ್ಕು ಯಾರಿಗೂ ಇಲ್ಲ ಎಂದು ಆ ದಿನವೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ.

ಆದರೆ ಪ್ರತಿ ರಾಶಿಯ ಮುಂದೂ ಒಂದು ಕಲ್ಲಿನ ಫಲಕವಿದೆ. ಈ ಮೂಳೆಗಳು ಯಾವ ಸ್ಮಶಾನದವು, ಯಾವ ವರ್ಷ ಇಲ್ಲಿಗೆ ತಂದದ್ದು ಎಂದು ಅದರಲ್ಲಿ ಕೆತ್ತಿದ್ದಾರೆ. ಮಗಳು ಒಂದೊಂದನ್ನೇ ಓದಿ ಹೇಳಿದಳು. ಹೆಸರಿಲ್ಲದ ಜನರಿಗೂ ಒಂದು ವಿಳಾಸ ಉಳಿದಿದೆಯಲ್ಲ ಎಂದು ನನಗೆ ಗಂಟಲು ಕಟ್ಟಿತು. ಒಳಗೆ ಏಕಕಾಲಕ್ಕೆ ಬಿಡುವುದು ಇಂತಿಷ್ಟು ಜನರನ್ನು ಮಾತ್ರ. ಮೂಳೆ ಮುಟ್ಟುವ ಹಾಗಿಲ್ಲ. ಹೊರಬರುವಾಗ ಕಾವಲಿನವರು ಎಲ್ಲರ ಚೀಲ ತೆಗೆಸಿ ನೋಡುತ್ತಾರೆ, ಯಾರಾದರೂ ಮೂಳೆ ಎತ್ತಿಕೊಂಡಿದ್ದಾರೆಯೇ ಎಂದು. ನನ್ನ ಕುಂಕುಮದ ಭರಣಿಯನ್ನೂ ಬಿಚ್ಚಿಸಿದರು. ಬೇಜಾರಾಗಲಿಲ್ಲ. ಇನ್ನೂರು ವರ್ಷದ ಹಿಂದಿನ ಅನಾಮಧೇಯರಿಗೂ ಕಾವಲು ಇದೆ ಎಂದು ಸಮಾಧಾನವೇ ಆಯಿತು.

ನಮ್ಮಲ್ಲಿ ಅಷ್ಟು ದೊಡ್ಡ ವ್ಯವಸ್ಥೆ ಯಾರೂ ಕೇಳುತ್ತಿಲ್ಲ. ಸಿಗಂದೂರು ಸೇತುವೆ ಆದಮೇಲೆ ಈ ಕಡೆ ವಾಹನಗಳ ಸಂಖ್ಯೆ ಏರಿದೆ, ಇನ್ನೂ ಏರುತ್ತದೆ. ನೀರಿಳಿದ ಬಯಲಿಗೆ ಜೀಪು, ಬೈಕು ಇಳಿಸುವುದನ್ನು ತಾಲ್ಲೂಕು ಆಡಳಿತ ನಿಲ್ಲಿಸಲಿ. ನೋಡುವವರು ನಡೆದು ಹೋಗಲಿ. ಸಮಾಧಿಗಳಿರುವ ಜಾಗವನ್ನು ಗುರುತಿಸಿ, ಸುತ್ತ ನಾಲ್ಕು ಕಲ್ಲುಕಂಬ ನೆಟ್ಟರೆ ಸಾಕು, ನೀರು ಏರಿ ಇಳಿದರೂ ಅವು ಇರುತ್ತವೆ. ದಡದಲ್ಲಿ ಒಂದು ಫಲಕ ಹಾಕಿ, ಇಲ್ಲಿದ್ದ ಊರಿನ ಹೆಸರು, 1964ರಲ್ಲಿ ಮುಳುಗಿತು, ಇಲ್ಲಿ ಸಮಾಧಿಗಳಿವೆ ಎಂದು ಬರೆಸಲಿ. ನಮ್ಮವರದ್ದಷ್ಟೇ ಅಲ್ಲ, ಹೂಳುವ ಪದ್ಧತಿಯಿದ್ದ ಎಲ್ಲ ಕೇರಿಗಳದ್ದೂ. ನಿಮ್ಮ ಪತ್ರಿಕೆಯೂ ಮುಂದಿನ ಬೇಸಿಗೆಯಲ್ಲಿ ಮಡೇನೂರಿನ ದಾರಿ ತಿಳಿಸುವಾಗ ಈ ಮಾತನ್ನು ಒಂದೆರಡು ಸಾಲಿನಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಇದಕ್ಕೆ ಹೆಚ್ಚು ಸಮಯವಿಲ್ಲ. ಯಾವ ಕಟ್ಟೆ ಯಾವ ಮನೆಯವರದ್ದು ಎಂದು ಬೆರಳಿಟ್ಟು ತೋರಿಸಬಲ್ಲವರು ನಮ್ಮ ಕಡೆ ಈಗ ಬೆರಳೆಣಿಕೆಯಷ್ಟು ಮಂದಿ. ನನ್ನ ಸೋದರತ್ತೆಗೆ ಎಂಬತ್ತು ದಾಟಿದೆ, ನೆನಪು ಗಟ್ಟಿಯಾಗಿದೆ. ಅಧಿಕಾರಿಗಳು ನೀರಿಳಿದ ಮೇಲೆ ಸರ್ವೆಗೆ ಬರುವುದಾದರೆ ಅತ್ತೆಯನ್ನು ದೋಣಿಯಲ್ಲಿ ಕರೆತರುವ ಹೊಣೆ ಅಣ್ಣನದು ಮತ್ತು ನನ್ನದು.

— ಮುಳುಗಡೆ ಕುಟುಂಬದ ಓದುಗರೊಬ್ಬರು, ಸಾಗರ