ಬಲಗಡೆ ಸೀಟಿಗೆ ಕೂಡುವ ಮೊದಲು

ಚಿ. ಗೌರಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ವಿಮಾನ ಹಾರಿಸಲು ಕಲಿಸುವ ಸಹಾಯಕ ಇನ್‌ಸ್ಟ್ರಕ್ಟರ್ ಆಗಿ ಸೇರುತ್ತೀಯೆಂದು ವೈನಿ ಹೇಳಿದರು. ಏರ್‌ಲೈನ್ ಕೆಲಸ ಸಿಗುವ ತನಕ ಹಾರಾಟದ ತಾಸು ಜಮಾ ಆಗುತ್ತವೆ ಅಂದೆಯಂತೆ. ಲೆಕ್ಕ ಖರೇ. ಸಂಬಳಕ್ಕೆ ಹಾರಿಸುವ ಲೈಸೆನ್ಸ್ ಸಿಪಿಎಲ್ ಸಿಗುವುದು 200 ತಾಸಿಗೆ, ಏರ್‌ಲೈನ್ ಕ್ಯಾಪ್ಟನ್ನಿನ ಲೈಸೆನ್ಸ್ ಎಟಿಪಿಎಲ್‌ಗೆ ಬೇಕಾದದ್ದು 1,500. ಆದರೆ ಲಾಗ್‌ಬುಕ್ ತುಂಬಿಸಲೆಂದೇ ಕೂತ ಇನ್‌ಸ್ಟ್ರಕ್ಟರನ್ನು ಕಲಿಯುವ ಹುಡುಗರು ವಾರದೊಳಗೆ ಗುರುತಿಸುತ್ತಾರೆ. ಅಂಥವರ ಕೈ ವಿಮಾನ ನಡೆಸುವ ಹಿಡಿಕೆ, ಅಂದರೆ ಯೋಕ್, ಬಿಟ್ಟು ಕದಲುವುದಿಲ್ಲ. ಸಂಬಳ ಏರ್‌ಲೈನ್ ಹತ್ತಿರಕ್ಕೂ ಬಾರದ ಈ ಕೆಲಸದಲ್ಲಿ ಸುಖ ಏನಾದರೂ ಇದ್ದರೆ ಅದು ಕೈ ತೆಗೆಯುವುದರಲ್ಲೇ ಇದೆ. ಗರಡಿಯ ವಸ್ತಾದ ಕಣದ ಹೊರಗೆ ನಿಂತೇ ಪಟ್ಟು ತಿದ್ದುತ್ತಾನಲ್ಲ, ಹಾಗೆ.

ಕದ್ದು ತಿದ್ದಬೇಡ. ನೆಲ ಮುಟ್ಟುವ ಮುಂಚೆ ಮೂಗು ಎತ್ತುವ ಫ್ಲೇರ್‌ನಲ್ಲಿ ನೀನು ಎರಡು ಬೆರಳಿನಿಂದ ಯೋಕ್ ಎಳೆದರೆ ಹುಡುಗ ತಾನೇ ಇಳಿಸಿದೆನೆಂದು ತಿಳಿಯುತ್ತಾನೆ, ಆ ಸುಳ್ಳು ಬಯಲಾಗುವುದು ಅವನೊಬ್ಬನೇ ಹಾರುವ ಸೋಲೋದಲ್ಲಿ. ತೆಗೆದುಕೊಳ್ಳುವುದಾದರೆ ‘ಐ ಹ್ಯಾವ್ ಕಂಟ್ರೋಲ್’ ಎಂದು ಗಟ್ಟಿಯಾಗಿ ಹೇಳಿ ತಗೊ. ಇಲ್ಲವೇ ಕೈ ತೊಡೆಯ ಮೇಲಿರಲಿ. ಯಾರ ಕೈಯಲ್ಲಿ ವಿಮಾನವಿದೆ ಎಂಬ ಗೊಂದಲ ಒಂದು ಕ್ಷಣವೂ ಉಳಿಯಬಾರದು.

ಹೊಸಬರು ಯೋಕನ್ನು ಮುಷ್ಟಿಯಲ್ಲಿ ಹಿಂಡುತ್ತಾರೆ. ತೋರುಬೆರಳಿನ ಮೇಲೆ, ನಡುಬೆರಳಿನ ಕೆಳಗೆ, ಉಂಗುರಬೆರಳಿನ ಮೇಲೆ ಹಾಯುವಂತೆ ಒಂದು ಪೆನ್ಸಿಲ್ ಸಿಕ್ಕಿಸು. ಹಿಂಡಿದರೆ ನೋಯುತ್ತದೆ, ತಾನಾಗಿಯೇ ಸಡಿಲ ಬಿಡುತ್ತಾರೆ. ಆಮೇಲೆ ಯೋಕಿನ ಮೇಲಿನ ಒತ್ತಡ ಇಳಿಸುವ ಟ್ರಿಮ್ ಕಲಿಸು. ಪ್ರಯಾಣಿಕರ ವಿಮಾನ ಬರುವಾಗ ಟವರ್ ನಿಮಗೆ ರನ್‌ವೇಗೆ ಸಮಾನಾಂತರವಾಗಿ ಹಾರುವ ಡೌನ್‌ವಿಂಡ್‌ನಲ್ಲೇ ಸುತ್ತು ಹಾಕಲು ಹೇಳುತ್ತದೆ. ಬೇಸರ ಮಾಡಿಕೊಳ್ಳದೆ ಆ ಸುತ್ತುಗಳನ್ನು ಟ್ರಿಮ್ ಪಾಠಕ್ಕೆ ಬಳಸು.

ನಿನ್ನ ಸಹನೆಯೆಲ್ಲ ಖರ್ಚಾಗುವುದು ಲ್ಯಾಂಡಿಂಗ್‌ನಲ್ಲಿ. ತರಬೇತಿ ವಿಮಾನ ಸೆಸ್ನಾ 172ನ್ನು ರನ್‌ವೇಗೆ ನೇರ ಇಳಿದು ಬರುವ ಫೈನಲ್‌ನಲ್ಲಿ 65 ನಾಟ್‌ಗೆ ಚೆಂದಾಗಿ ಹಿಡಿದು ತಂದವನೂ ಕೊನೆಯ 20 ಅಡಿಯಲ್ಲಿ ಕೆಡಿಸುತ್ತಾನೆ. ಕಣ್ಣು ವಿಮಾನದ ಮೂಗಿನ ಮುಂದಿನ ಡಾಂಬರಿಗೆ ಅಂಟಿರುತ್ತದೆ, ನೆಲ ನುಗ್ಗಿ ಬಂದಂತೆ ಕಾಣುತ್ತದೆ, ಹೊತ್ತಿಗೆ ಮೊದಲೇ ಎಳೆಯುತ್ತಾನೆ. ವಿಮಾನ ಮತ್ತೆ ಮೇಲೆದ್ದು, ವೇಗ ಸತ್ತು, ಧಪ್ಪನೆ ಕೂಡುತ್ತದೆ. ‘ದೂರ ನೋಡು’ ಎಂದು ಕೂಗಿದರೆ ಸಾಲದು. ಟೇಕಾಫ್‌ಗೆ ರನ್‌ವೇ ಮೇಲೆ ನಿಂತಾಗಲೇ ಅದರ ಆ ತುದಿಯನ್ನು ತೋರಿಸು. ನೆಲ ಮುಟ್ಟುವ ಗಳಿಗೆಯಲ್ಲಿ ಕಣ್ಣಿನ ಎತ್ತರ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ, ಮೂಗು ಮಾತ್ರ ತುಸು ಮೇಲೆ. ಫ್ಲೇರ್ ಶುರುವಾದೊಡನೆ ನೋಟ ಆ ತುದಿಗೆ ಹೋಗಬೇಕು.

ಪುಟಿದಾಗ ಮೂಗು ಕೆಳಗೊತ್ತುವುದು ಇನ್ನೊಂದು ರೋಗ. ನೋಸ್‌ವೀಲ್ ಮೊದಲು ಬಡಿದು ಎರಡನೇ ಪುಟಿತ ಇನ್ನೂ ಎತ್ತರವಾಗುತ್ತದೆ. ಹಾಗೇ ಬಿಟ್ಟರೆ ಪ್ರೊಪೆಲ್ಲರ್ ನೆಲಕ್ಕೆ ತಾಗುವುದು, ಎಂಜಿನ್ ಹಿಂದಿನ ಫೈರ್‌ವಾಲ್ ತಗಡು ಸುಕ್ಕುಗಟ್ಟುವುದು. ದೊಡ್ಡ ಪುಟಿತಕ್ಕೆ ಫುಲ್ ಥ್ರಾಟಲ್, ಬಲ ರಡರ್ ಪೆಡಲ್, ರೆಕ್ಕೆಯ ಫ್ಲ್ಯಾಪ್ 20 ಡಿಗ್ರಿಗೆ, ಮತ್ತೆ ಮೇಲಕ್ಕೆ. ಹೀಗೆ ಇಳಿಯದೆ ಮತ್ತೆ ಮೇಲೇರುವ ಗೋ-ಅರೌಂಡ್ ಮಾಡಿದವನನ್ನು ಎಂದೂ ಹಂಗಿಸಬೇಡ. ನೀನು ಬಾಯಿ ತೆರೆಯುವ ಮೊದಲೇ ಅವನೇ ‘ಗೋಯಿಂಗ್ ಅರೌಂಡ್’ ಅಂದು ಥ್ರಾಟಲ್ ಒತ್ತುವ ದಿನ ಬರುತ್ತದೆ. ನನ್ನ ಮಟ್ಟಿಗೆ ನುಣುಪಾದ ಹತ್ತು ಲ್ಯಾಂಡಿಂಗ್‌ಗಿಂತ ಅದು ಹೆಚ್ಚು.

ಬೇಸಿಗೆಯ ಲೆಕ್ಕ ನಮ್ಮೂರಿಗೆ ಬೇರೆ. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣಾಂಶ 10 ಡಿಗ್ರಿ. 35 ಡಿಗ್ರಿ ಬಿಸಿಲಿದ್ದರೆ 25 ಹೆಚ್ಚಾಯಿತು. ಡಿಗ್ರಿಗೆ 120 ಅಡಿಯಂತೆ 3,000 ಅಡಿ ಕೂಡಿಸು. ಎಂಜಿನ್ನಿಗೂ ರೆಕ್ಕೆಗೂ ಸಿಗುವುದು 5,500 ಅಡಿಯ ತೆಳುಗಾಳಿ. ಓಟ ಉದ್ದವಾಗುತ್ತದೆ, ಏರಿಕೆ ಮಂದವಾಗುತ್ತದೆ, ಇದು ಪುಸ್ತಕದಲ್ಲೂ ಇದೆ. ಹುಡುಗರಿಗೆ ಹೊಳೆಯದ ಅಪಾಯ ಬೇರೊಂದಿದೆ. ವೇಗದ ಮೀಟರಿನಲ್ಲಿ 65 ನಾಟ್ ಇದ್ದಾಗ ಗಾಳಿಯಲ್ಲಿ ನಿಜವಾದ ವೇಗ 70ರ ಹತ್ತಿರ, ಹಾಗಾಗಿ ನೆಲ ಜೋರಾಗಿ ಓಡುತ್ತದೆ. ಕಿಟಕಿ ನೋಡಿ ಹೆದರಿ ವೇಗ ಇಳಿಸಿದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಟಾಲ್ ಹತ್ತಿರ ಬರುತ್ತದೆ. ಮೀಟರ್ ನಂಬಲು ಕಲಿಸು, ಹೊಸಬರ ಪಾಠವನ್ನು ಮುಂಜಾನೆಗೇ ಇಟ್ಟುಕೊ.

ಮಳೆಗಾಲದಲ್ಲಿ ಮೋಡ ಕೆಳಗಿಳಿದು ಹಾರಾಟ ನಿಂತರೆ ನೆಲದ ಪಾಠ ಮುಗಿಸು. ಟ್ಯಾಂಕಿನ ತಳದಿಂದ ಕಪ್ಪಿಗೆ ಇಂಧನ ಇಳಿಸಿ ನೋಡುವ ಡ್ರೇನ್ ಚೆಕ್ ಮಾತ್ರ ಹುಡುಗರ ಕೈಗೇ ಬಿಟ್ಟು ಸುಮ್ಮನಾಗಬೇಡ. ನಮ್ಮ ಇಂಧನ 100ಎಲ್‌ಎಲ್ ನೀಲಿ, ನೀರು ತಳದಲ್ಲಿ ನಿಲ್ಲುತ್ತದೆ. ಕಪ್ಪಿನ ತುಂಬ ನೀರೇ ಬಂದರೆ ಗೆರೆ ಕಾಣುವುದಿಲ್ಲ, ‘ಕ್ಲೀನ್’ ಅಂದುಬಿಡುತ್ತಾರೆ. ಬಿಳಿ ಕಾಗದದ ಎದುರು ಹಿಡಿದು ಬಣ್ಣ ನೋಡಿಸು.

ಸೋಲೋಗೆ ಬಿಡುವ ಕೊನೆಯ ಮಾತು ನಿನ್ನ ಮೇಲಿನ ಇನ್‌ಸ್ಟ್ರಕ್ಟರದು, ಹುಡುಗನನ್ನು ಸಿದ್ಧ ಮಾಡುವ ಕೆಲಸ ನಿನ್ನದು. ಪಕ್ಕದವರು ಇಳಿದರೆ ವಿಮಾನ ಅಷ್ಟು ಕಿಲೋ ಹಗುರ: ಬೇಗ ಏಳುತ್ತದೆ, ರನ್‌ವೇ ಸುತ್ತ ಹಾರುವ ಸರ್ಕಿಟ್‌ನ ಎತ್ತರ, ನೆಲದಿಂದ 1,000 ಅಡಿ, ಎಂದಿಗಿಂತ ಮೊದಲೇ ಮುಟ್ಟುತ್ತದೆ, ಇಳಿಯುವಾಗ ಹೆಚ್ಚು ತೇಲುತ್ತದೆ. ಇದನ್ನು ಹಿಂದಿನ ದಿನವೇ ಹೇಳಿರು. ಆ ಹೊತ್ತಿನಲ್ಲಿ ಹೇಳಿದ್ದು ಅವನ ಕಿವಿಗೆ ಹೋಗುವುದಿಲ್ಲ. ಖಾಲಿ ಸೀಟಿನ ಬೆಲ್ಟ್ ಬಿಗಿದು ಬಕಲ್ ಹಾಕಿರಬೇಕು, ಸಡಿಲ ಬೆಲ್ಟ್ ಯೋಕಿಗೆ ಸಿಕ್ಕೀತು. ಹೆಡ್‌ಸೆಟ್ ಇಳಿದವರೇ ಒಯ್ಯಲಿ, ಬಾಗಿಲಿನ ಚಿಲಕ ಹೊರಗಿನಿಂದ ಎಳೆದು ನೋಡಲಿ.

ವೈನಿಗೆ ನಮಸ್ಕಾರ ಹೇಳು.

ಇತಿ,
ನಿನ್ನ ಕಾಕಾ