ಮಗಳಿಗೊಂದು ಪತ್ರ: ಆರ್ಚರ್ಡ್ ಸ್ಟ್ರೀಟ್‌ನ ವಠಾರ ನೋಡಿ ಬಂದ ಮೇಲೆ

ಪ್ರೀತಿಯ ಪುಟ್ಟಿ,

ಇದನ್ನು ಓದಲು ನಿನಗೆ ಒಂದು ಗಂಟೆಯಾದರೂ ಬೇಕು. ಗೊತ್ತು. ಅವಸರ ಮಾಡಬೇಡ, ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದು.

ಶನಿವಾರ ನಾನು, ಅಪ್ಪ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್‌ನ 97 ಆರ್ಚರ್ಡ್ ಸ್ಟ್ರೀಟ್‌ಗೆ ಹೋಗಿದ್ದೆವು. 1863ರಲ್ಲಿ ಕಟ್ಟಿದ ವಠಾರ, ಈಗ ಟೆನೆಮೆಂಟ್ ಮ್ಯೂಸಿಯಂ. ಪೋಲೆಂಡ್‌ನ ಪ್ಲೋನ್ಸ್ಕ್ ಊರಿನಿಂದ ಬಂದ ಹ್ಯಾರಿಸ್ ಮತ್ತು ಜೆನ್ನಿ ಲೆವೀನ್ 1890ರ ದಶಕದಲ್ಲಿ ಅಲ್ಲಿದ್ದರು. ಯಹೂದಿ ಕುಟುಂಬ. ಮೂರು ಕೋಣೆ ಸೇರಿ 325 ಚದರ ಅಡಿ. ಮನೆಯೂ ಅದೇ, ಹೊಲಿಗೆ ಕಾರ್ಖಾನೆಯೂ ಅದೇ. ಬೆಳಕು ಸರಿಯಾಗಿ ಬೀಳುವುದು ಮುಂದಿನ ಕೋಣೆಗೆ ಮಾತ್ರ, ಹಾಗಾಗಿ ಮೆಷಿನ್ ಅಲ್ಲಿ. ಇಸ್ತ್ರಿಪೆಟ್ಟಿಗೆ ಕಾಯಬೇಕಲ್ಲ, ಸುಡುಬೇಸಿಗೆಯಲ್ಲೂ ಅಡುಗೆಮನೆಯ ಒಲೆ ಉರಿಯಬೇಕು. ಆ ಬಿಸಿಯಲ್ಲೇ, ಕೆಲಸದವರ ನಡುವೆಯೇ, ಜೆನ್ನಿ ಮಕ್ಕಳನ್ನು ಸಾಕಿದಳು. ಅಲ್ಲಿ ನಿಂತಾಗ ನನಗೆ ಮಾತೇ ಹೊರಡಲಿಲ್ಲ.

ನೀನು ಫೋನಿನಲ್ಲಿ "ನಮ್ಮದೂ ಅದೇ ಕಥೆ ಅಲ್ವಾ ಅಮ್ಮಾ" ಅಂದೆ. ಅಲ್ಲ ಕಣೇ. ನಾವು ಕೆಲಸದ ವೀಸಾ ಹಿಡಿದು ವಿಮಾನದಲ್ಲಿ ಬಂದವರು. ಎರಡು ವರ್ಷಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗಿ ಬರುತ್ತೇವೆ. ಪ್ಲೋನ್ಸ್ಕ್ ಆಗ ರಷ್ಯಾದ ತ್ಸಾರ್‌ನ ಕೈಯಲ್ಲಿತ್ತು. 1881ರಲ್ಲಿ ತ್ಸಾರ್ ಎರಡನೇ ಅಲೆಕ್ಸಾಂಡರ್‌ನ ಕೊಲೆಯಾದ ಮೇಲೆ ಆ ಸಾಮ್ರಾಜ್ಯದ ಹಲವು ಊರುಗಳಲ್ಲಿ ಯಹೂದಿಗಳ ಮನೆ, ಅಂಗಡಿ ಲೂಟಿಯಾದವು. ಬಡತನ ಬೇರೆ. 1924ರ ಹೊತ್ತಿಗೆ ಸುಮಾರು 20 ಲಕ್ಷ ಯಹೂದಿಗಳು ಅಮೆರಿಕಕ್ಕೆ ಬಂದರು. ಆ ವರ್ಷ ಹೊಸ ಕಾನೂನು ಬಂದು ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. 1942ರ ಕೊನೆಯಲ್ಲಿ ನಾಜಿಗಳು ಪ್ಲೋನ್ಸ್ಕ್‌ನಲ್ಲಿ ಉಳಿದಿದ್ದ ಯಹೂದಿಗಳನ್ನು ಆಶ್ವಿಟ್ಸ್ ಎಂಬ ಸಾವಿನ ಶಿಬಿರಕ್ಕೆ ಸಾಗಿಸಿದರು. ಹಿಂದಿರುಗಿ ಹೋಗೋಣ ಅಂದರೆ ಅಲ್ಲಿ ತಮ್ಮವರು ಅಂತ ಯಾರೂ ಉಳಿಯಲಿಲ್ಲ. ಇದನ್ನು ಮರೆತು ನಮ್ಮನ್ನು ಅವರ ಪಕ್ಕ ನಿಲ್ಲಿಸಬಾರದು.

ಆದರೂ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಆ ಕೇರಿಯವರು ಓದುತ್ತಿದ್ದದ್ದು 'ಫಾರ್ವರ್ಟ್ಸ್' ಅನ್ನುವ ಯಿದ್ದಿಷ್ ದಿನಪತ್ರಿಕೆ. ಯಿದ್ದಿಷ್ ಅಂದರೆ ಅವರ ಮನೆಮಾತು. 1906ರಲ್ಲಿ ಅದರಲ್ಲಿ 'ಬಿಂಟೆಲ್ ಬ್ರೀಫ್' ಶುರುವಾಯಿತು. ಪತ್ರಗಳ ಕಂತೆ ಅಂತ ಅರ್ಥ. ಗಂಡ ಬಿಟ್ಟುಹೋದದ್ದು, ಕೆಲಸ ಹೋದದ್ದು, ಮಕ್ಕಳು ಮಾತು ಕೇಳದ್ದು, ಎಲ್ಲವನ್ನೂ ಜನ ಅಲ್ಲಿಗೆ ತಮ್ಮ ಭಾಷೆಯಲ್ಲಿ ಬರೆದರು. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಕಲಿತರು. ಬ್ರಾಂಕ್ಸ್, ಬ್ರೂಕ್ಲಿನ್ ಸೇರಿದರು. ಮೊಮ್ಮಕ್ಕಳಲ್ಲಿ ಎಷ್ಟೋ ಜನ ಟೀಚರ್, ಡಾಕ್ಟರ್, ಲಾಯರ್ ಆದರು. ಓದುಗರು ಕಡಿಮೆಯಾಗಿ 1983ರಲ್ಲಿ ಆ ಪತ್ರಿಕೆ ವಾರಕ್ಕೊಮ್ಮೆ ಬರತೊಡಗಿತು. ಅಜ್ಜಿಯ ಪತ್ರ ಕೈಯಲ್ಲಿದ್ದೂ ಓದಲಾಗದೆ ಬೇರೆಯವರಿಂದ ಅನುವಾದ ಮಾಡಿಸಿಕೊಳ್ಳುವ ಮೊಮ್ಮಕ್ಕಳು ಇವತ್ತಿಗೂ ಇದ್ದಾರೆ. ಮಕ್ಕಳು ಬೇಗ ಇಂಗ್ಲಿಷ್ ಕಲಿಯಲಿ ಅಂತ ಆಸೆಪಟ್ಟವರು ಅವರ ತಾಯಂದಿರೇ. ನಾನು ಅವರನ್ನು ದೂರಲಾರೆ.

ನಿನಗೆ ಎಂಟು ವರ್ಷವಾದಾಗ ಭಾನುವಾರದ ಕನ್ನಡ ಕ್ಲಾಸ್ ಬಿಡಿಸಿ ಈಜಿಗೆ ಸೇರಿಸಿದ್ದು ನಾನೇ. ನೀನು ಅತ್ತಿದ್ದೆ. ನನಗೆ ನೆನಪಿದೆ ಪುಟ್ಟಿ.

ನಿನ್ನ ಅಜ್ಜಿ ಬರೆದ ಪತ್ರಗಳು ಬಿಸ್ಕತ್ತಿನ ಡಬ್ಬದಲ್ಲಿವೆ. ಎಲ್ಲದರ ತಲೆಯ ಮೇಲೂ 'ಉ.ಕು.ಸಾಂ.' ಅಂತ ಇದೆ. ಹಾಗಂದರೇನು ಅಂತ ನೀನು ಒಮ್ಮೆ ಕೇಳಿದ್ದೆ. ನಾನು ಗಡಿಬಿಡಿಯಲ್ಲಿ ಉತ್ತರಿಸಲೇ ಇಲ್ಲ. ಡಿಸೆಂಬರ್ ರಜೆಗೆ ಬರ್ತೀಯಲ್ಲ, ಆ ಮೂರು ಅಕ್ಷರದಿಂದಲೇ ಶುರು ಮಾಡೋಣ.

ನಿನ್ನ,
ಅಮ್ಮ