ಮಗಳಿಗೊಂದು ಪತ್ರ: ಅಜ್ಜಿಯ ಪುಸ್ತಕದ ವಿಷಯ

ಪುಟ್ಟಿ,

ಭಾನುವಾರ ನೀನು ಫೋನ್ ಕಟ್ ಮಾಡಿದ ಮೇಲೆ ನಿನ್ನಮ್ಮ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮೆಸೇಜ್ ಹಾಕಿದರೆ ನೀನು ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತೀಯ. ಅದಕ್ಕೇ ಉದ್ದಕ್ಕೆ ಬರೆಯಲು ಕೂತಿದ್ದೇನೆ.

ಅಜ್ಜಿಯ ಹಾಡಿನ ಪುಸ್ತಕ ನೆಂದಿದ್ದು ನಿಜ. ನಿನ್ನಣ್ಣನ ಮನೆ ದೇವರ ಕೋಣೆಯ ಗೋಡೆಯೊಳಗೆ ಪೈಪು ಸೋರಿದ್ದು ಯಾರಿಗೂ ಗೊತ್ತಾಗಲಿಲ್ಲ, ಪಾಪ ಅವನದೇನೂ ತಪ್ಪಿಲ್ಲ. ಬಿಸಿಲಿಗೆ ಇಡಬೇಡಿ ಎಂದು ನೀನು ಹೇಳುವಷ್ಟರಲ್ಲಿ ನಾನು ಅದನ್ನು ಹಪ್ಪಳ ಹರವಿದ ಹಾಗೆ ತಾರಸಿಯ ಮೇಲೆ ಹರವಿ ಆಗಿತ್ತು. ಹಾಳೆಗಳು ಮುರುಟಿಕೊಂಡವು. ಬಾಲ್‌ಪೆನ್ನಿನಲ್ಲಿ ಬರೆದದ್ದು ಉಳಿದಿದೆ, ಇಂಕ್ ಪೆನ್ನಿನದೆಲ್ಲ ನೀಲಿ ಕಲೆ ಆಗಿಹೋಗಿದೆ. ಹಸೆಗೆ ಕರೆಯುವ ಹಾಡುಗಳು ಪೂರ್ತಿ ಹೋದವು.

ಆದರೆ ನೀನು ಕೂಗಾಡಿದ್ದು ನೀರಿಗಲ್ಲ ಅಂತ ನನಗೂ ಗೊತ್ತು. "ಅವನಿಗೇ ಯಾಕೆ ಕೊಟ್ಟಿರಿ?" ಅಂದೆಯಲ್ಲ. ಆವತ್ತಿಂದ ನನ್ನ ಕಣ್ಣ ಮುಂದೆ ಬರುತ್ತಿರುವುದು ನ್ಯೂಯಾರ್ಕಿನ ಕ್ಲಾಯ್ಸ್ಟರ್ಸ್ ಮ್ಯೂಸಿಯಮ್ಮಿನ ಆ ಪುಟಾಣಿ ಪ್ರಾರ್ಥನೆ ಪುಸ್ತಕ. ಆ ದಿನದ ಮಳೆ, ಟ್ರೈನು, ಅಮ್ಮನ ಮೊಣಕಾಲು ನೋವು ಎಲ್ಲ ನಿನಗೂ ನೆನಪಿರುತ್ತೆ, ಬಿಡು.

ಗಾಜಿನ ಪೆಟ್ಟಿಗೆಯೊಳಗೆ ಮೊದಲು ನನಗೆ ಅದು ಕಾಣಿಸಲೇ ಇಲ್ಲ. ಎತ್ತರ 9.2 ಸೆಂಟಿಮೀಟರ್, ನನ್ನ ಅಂಗೈಯಲ್ಲಿ ಮುಚ್ಚಿಹೋಗುವಷ್ಟು. ಅಷ್ಟರೊಳಗೆ 209 ತೊಗಲಿನ ಹಾಳೆ! ಫ್ರಾನ್ಸಿನ ರಾಜ ನಾಲ್ಕನೇ ಚಾರ್ಲ್ಸ್ ತನ್ನ ಚಿಕ್ಕ ವಯಸ್ಸಿನ ರಾಣಿ ಜೀನ್ ದ ಎವ್ರೋಗೆ ಅಂತ ಝಾನ್ ಪ್ಯುಸೆಲ್ ಎಂಬ ಚಿತ್ರಕಾರನ ಕೈಲಿ ಮಾಡಿಸಿದ್ದು, 1324ರಿಂದ 1328ರೊಳಗೆ. ಬಂಗಾರ, ಬಣ್ಣ ಮಿರಮಿರ ಮಿಂಚುತ್ತೆ ಅಂದುಕೊಂಡಿದ್ದೆ, ನೋಡಿದರೆ ಮೈಯೆಲ್ಲ ಬೂದು ಬಣ್ಣದ ಮನುಷ್ಯರು. ಒಂದು ಅಕ್ಷರದ ಹೊಟ್ಟೆಯೊಳಗೆ ರಾಣಿಯೇ ಮಂಡಿಯೂರಿ ಪುಸ್ತಕ ಹಿಡಿದಿದ್ದಾಳೆ. ಅದೇ ಪುಟದ ಕೆಳಗೆ, ದೇವರಿಗೂ ಅದಕ್ಕೂ ಸಂಬಂಧವೇ ಇಲ್ಲದಂತೆ, ಒಬ್ಬರನ್ನು ನಡುವೆ ಕೂರಿಸಿ ಸುತ್ತ ನಿಂತು ಆಡುವ ಹುಡುಗಾಟ. ಇಡೀ ಪುಸ್ತಕದ ಅಂಚುಗಳಲ್ಲಿ ಇಂಥವರು ಹತ್ತಿರ ಹತ್ತಿರ 700 ಜನ. ಅಜ್ಜಿಯ ಪುಸ್ತಕದ ಅಂಚಿನಲ್ಲಿ ಹಾಲಿನ ಲೆಕ್ಕ, ನೀನು ಪೆನ್ಸಿಲ್‌ನಲ್ಲಿ ಬರೆದ ಬೆಕ್ಕು ಇತ್ತಲ್ಲ, ಹಾಗೆ.

ಅಲ್ಲೇ ನಿಂತು ನೀನು ನನಗೆ ಆ ರಾಣಿಯ ಕಥೆ ಹೇಳಿದೆ. 1328ರ ಫೆಬ್ರವರಿಯಲ್ಲಿ ರಾಜ ಸತ್ತ, ಅವಳು ಬಸುರಿ. ಗಂಡಾದರೆ ಅವನೇ ರಾಜ ಅಂತ ಎಲ್ಲರೂ ಎರಡು ತಿಂಗಳು ಕಾದರು. ಏಪ್ರಿಲ್ 1ಕ್ಕೆ ಹೆಣ್ಣುಮಗು ಹುಟ್ಟಿತು, ಬ್ಲಾಂಶ್. ಸಿಂಹಾಸನ ದಾಯಾದಿಯ ಕಡೆಗೆ ಹೋಯಿತು. ಜೀನ್ 1371ರಲ್ಲಿ ಸಾಯುವವರೆಗೂ ವಿಧವೆಯಾಗಿಯೇ ಇದ್ದಳು. ಉಯಿಲಿನಲ್ಲಿ ಈ ಪುಸ್ತಕವನ್ನು ಬರೆದುಕೊಟ್ಟದ್ದು ಆಗಿನ ರಾಜ ಐದನೇ ಚಾರ್ಲ್ಸ್‌ಗೆ. ಬ್ಲಾಂಶ್ ಬದುಕಿದ್ದಳು, 1393ರವರೆಗೂ ಇದ್ದಳು. "ಮಗಳಿದ್ದಳಲ್ಲ ಅಪ್ಪ, ಯಾಕೆ ಕೊಡಲಿಲ್ಲ?" ಅಂತ ಕೇಳಿದೆ. ನಾನು ದೊಡ್ಡ ಮನುಷ್ಯನ ಥರ, "ಅರಮನೆ ಭಂಡಾರದಲ್ಲಿ ಭದ್ರವಾಗಿರುತ್ತೆ ಅಂತ ಕೊಟ್ಟಿರಬೇಕು" ಅಂದೆ.

ಭದ್ರ! ರಾಜನಿಂದ ಅವನ ತಮ್ಮ ಬೆರ್ರಿಯ ಡ್ಯೂಕ್ ಕೈಗೆ ಹೋಯಿತು. ಮುಂದೆ ಹದಿನೇಳನೇ ಶತಮಾನದಲ್ಲಿ ಯಾರೋ ಬ್ಯಾರನ್ ಹತ್ತಿರ ಇತ್ತು, ಆಮೇಲೆ ರಾತ್‌ಶೀಲ್ಡ್ ಮನೆತನ. ಯುದ್ಧದಲ್ಲಿ ಅವರಿಂದ ನಾಝಿಗಳು ದೋಚಿದರು, ಯುದ್ಧ ಮುಗಿದ ಮೇಲೆ ವಾಪಸ್ ಸಿಕ್ಕಿತು, 1954ರಲ್ಲಿ ಮ್ಯೂಸಿಯಮ್ಮಿಗೆ ಬಂತು. ನಾನೂ ಗೃಹಪ್ರವೇಶದ ದಿನ ಅಣ್ಣನಿಗೆ ಕೊಡುವಾಗ ಎಲ್ಲರ ಮುಂದೆ ಅದೇ ಮಾತು ಹೇಳಿದ್ದೆ, "ಇಲ್ಲಿ ಭದ್ರವಾಗಿರುತ್ತೆ" ಅಂತ.

ನಿಜ ಹೇಳಲಾ? ನಿನಗೆ ಕೊಡಬಾರದು ಅಂತ ನಾನು ಯೋಚನೆ ಮಾಡಿರಲಿಲ್ಲ. ಆಗ ನಿನ್ನ ನೆನಪೇ ಬರಲಿಲ್ಲ. "ಅದು ಇನ್ನೂ ಕೆಟ್ಟದ್ದು" ಅಂದಳು ನಿನ್ನಮ್ಮ. ಆ ಹಾಡುಗಳ ಮಟ್ಟು ಬರುವುದು ಮನೆಯಲ್ಲಿ ನಿನಗೊಬ್ಬಳಿಗೇ. ಅಣ್ಣನಿಗೆ ಒಂದು ಸಾಲೂ ಬರಲ್ಲ, ನನಗೂ ಬರಲ್ಲ. ತಪ್ಪು ನನ್ನದು ಪುಟ್ಟಿ.

ಆದರೂ ಒಂದು ಮಾತು, ಬೇಜಾರು ಮಾಡ್ಕೋಬೇಡ. ಮಾತಿನ ಮಧ್ಯೆ ಹಾಗೆ ಫೋನ್ ಕಟ್ ಮಾಡಬಾರದು. ಅಣ್ಣನಿಗೆ ನೀನಾಗಿ ಫೋನ್ ಮಾಡು, ಅವನು ಅತ್ತಿಗೆಯ ಹತ್ತಿರ ಅತ್ತನಂತೆ. ರಾತ್ರಿ ಹನ್ನೊಂದಕ್ಕೆ ಊಟ ಮಾಡಿದರೆ ಸಿಟ್ಟು ಜಾಸ್ತಿಯಾಗದೆ ಇನ್ನೇನಾಗುತ್ತೆ, ಹೊತ್ತಿಗೆ ಸರಿಯಾಗಿ ಊಟ ಮಾಡು, ದುಡ್ಡು ಉಳಿಸು, ಆ ವೀಸಾ ಕಾಗದವನ್ನೆಲ್ಲ ಒಂದು ಫೈಲಿಗೆ ಹಾಕಿಡು ಅಂತ ಎಷ್ಟು ಸಲ... ನೋಡು, ತಪ್ಪಾಯ್ತು ಅಂತ ಬರೆಯಲು ಕೂತವನು ಭಾಷಣ ಶುರು ಮಾಡಿದೆ.

ಆ ಪುಸ್ತಕದಲ್ಲಿ ಇನ್ನೊಂದು ಚಿತ್ರ ಇದೆ ಅಂದಿದ್ದೆ ನೀನು. ರಾಣಿಯ ಮುತ್ತಜ್ಜ, ಸಂತ ಲೂಯಿ, ಸೆರೆಮನೆಯಲ್ಲಿದ್ದಾಗ ಕಳೆದುಹೋದ ಅವನ ಪ್ರಾರ್ಥನೆ ಪುಸ್ತಕವನ್ನು ಪಾರಿವಾಳ ತಂದುಕೊಡುವ ಚಿತ್ರ. ನಮ್ಮ ತಾರಸಿಗೆ ದಿನಾ ಇಪ್ಪತ್ತು ಪಾರಿವಾಳ ಬರುತ್ತವೆ, ಗಲೀಜು ಮಾಡಿ ಹೋಗುತ್ತವೆ, ಅಷ್ಟೇ.

ಅಣ್ಣನಿಗೆ ಹೇಳಿದ್ದೇನೆ, ಅವನೂ ಒಪ್ಪಿದ್ದಾನೆ. ಡಿಸೆಂಬರಿಗೆ ಬಂದಾಗ ಪುಸ್ತಕ ನೀನೇ ತಗೊಂಡು ಹೋಗು. ಅಂಟಿಕೊಂಡ ಹಾಳೆಗಳನ್ನು ನಾನು ಬಿಡಿಸಲು ಹೋಗಿಲ್ಲ. ಬೆಕ್ಕು ಇರುವ ಪುಟದ ಫೋಟೋ ಕಳಿಸುತ್ತೇನೆ, ಬಾಲ ಸ್ವಲ್ಪ ಹೋಗಿದೆ. ನಡುವೆ ಇಡಬೇಕು ಅಂದೆಯಲ್ಲ, ಆ ಒತ್ತು ಕಾಗದ ಇಲ್ಲಿ ಯಾವ ಅಂಗಡಿಯಲ್ಲಿ ಕೇಳಲಿ?

ಅಪ್ಪ